ಕುಡಿಯುವ ಗೆಳೆಯರ ನಡುವೆ ಕುಡಿಯದೆ ಇರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಕುಡಿತ ಬಿಟ್ಟವರು, ಬಿಡಬೇಕೆಂದು ಹೊರಟವರು, ಅವರ ಮನೆಯವರು ಕೇಳುವ ಪ್ರಶ್ನೆಗಳಿವು. ಬಿಟ್ಟವರು ಮತ್ತೆ ಜಾರುವ ಜಾಗಗಳಲ್ಲಿ ಗೆಳೆಯರ ಕೂಟ ದೊಡ್ಡದು. ಅಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಕೂತವರಿಗಿಂತ, ಮನೆ ಬಿಡುವ ಮೊದಲೇ ನಾಲ್ಕು ಏರ್ಪಾಡು ಮಾಡಿಕೊಂಡು ಹೋದವರು ಹೆಚ್ಚು ಉಳಿದುಕೊಳ್ಳುತ್ತಾರೆ. ಉತ್ತರಗಳೆಲ್ಲ ಆ ಏರ್ಪಾಡುಗಳ ಬಗ್ಗೆಯೇ ಇವೆ.

ದಿನಾ ಕುಡೀತಿದ್ದೆ, ನಿನ್ನೆಯಿಂದ ಬಿಟ್ಟಿದೀನಿ. ಗೆಳೆಯರ ಜೊತೆ ಸುಮ್ಮನೆ ಕೂತ್ರೆ ತೊಂದ್ರೆ ಇದೆಯಾ?

ಗೆಳೆಯರ ವಿಚಾರ ಆಮೇಲೆ, ಮೊದಲು ದೇಹದ ವಿಚಾರ. ದಿನವೂ ಕ್ವಾರ್ಟರ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುತ್ತಿದ್ದವರು, ಬೆಳಿಗ್ಗೆ ಎದ್ದಾಗ ಕೈ ನಡುಗಿ ಒಂದು ನೈಂಟಿ ಹಾಕಿದ ಮೇಲೆಯೇ ಸರಿಹೋಗುತ್ತಿದ್ದವರು ವೈದ್ಯರಿಗೆ ತೋರಿಸದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಡವಗುಟ್ಟುವುದು ಶುರುವಾಗುತ್ತದೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪಿದಂತಾಗುತ್ತದೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತು, ಜ್ವರ, ಹೆಂಡತಿ ಮಕ್ಕಳ ಗುರುತೇ ಸಿಗದಿರುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡಾಡುತ್ತ ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಂಡ ಮನೆಗಳಿವೆ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಎಂಬ, ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಸುಮಾರು ಒಂದು ವಾರ ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ಇದು ಮುಖ್ಯ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವರ ದೇಹದಲ್ಲಿ ಬಿ1 ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗುವ ಅಪಾಯವಿದೆ. ಸುಸ್ತು ಎಂದು ಹೇಳಿ ಡ್ರಿಪ್ ಹಾಕಿಸಿಕೊಳ್ಳುವಾಗ ಕುಡಿತದ ಸಂಗತಿ ಮುಚ್ಚಿಡಬೇಡಿ.

ಗೆಳೆಯರಿಂದ ಎಷ್ಟು ದಿನ ದೂರ ಇರಬೇಕು?

ಕುಡಿಯುವ ಕೂಟಗಳಿಂದ ಕನಿಷ್ಠ 3 ತಿಂಗಳು ದೂರವಿರಿ. ಮತ್ತೆ ಶುರುವಾಗುವ ಅಪಾಯ ಹೆಚ್ಚಿರುವುದು ಈ ಅವಧಿಯಲ್ಲೇ. ನಿದ್ದೆ ಇನ್ನೂ ಸರಿಹೋಗಿರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತದೆ, ಸಂಜೆ 6 ಆದರೆ ಕಾಲು ತಾನಾಗಿ ಹಳೇ ದಾರಿ ಹಿಡಿಯುತ್ತದೆ.

ಗೆಳೆಯರನ್ನೇ ಬಿಡಿ ಎನ್ನುತ್ತಿಲ್ಲ. ಭೇಟಿಯ ಹೊತ್ತು ಬದಲಿಸಿ. ಬೆಳಿಗ್ಗೆ 8ಕ್ಕೆ ಬೆಣ್ಣೆ ದೋಸೆ ತಿನ್ನಲು ಕರೆಯಿರಿ. ದೋಸೆ, ಪಲ್ಯ, ಚಟ್ನಿ ಮುಂದಿಟ್ಟುಕೊಂಡು ಯಾರೂ ಬಾಟಲಿ ತೆಗೆಯುವುದಿಲ್ಲ. ಆ ಹೊತ್ತಿಗೂ ಬರುವವರು ನಿಮ್ಮ ಗೆಳೆಯರು. ಎಷ್ಟು ಕರೆದರೂ ರಾತ್ರಿಗೆ ಮಾತ್ರ ಸಿಗುವವರು ಕುಡಿತದ ಜೊತೆಗಾರರು. ಯಾರು ಯಾರೆಂದು ಎರಡು ಮೂರು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ. ಅದು ಗೊತ್ತಾದಾಗ ನೋವಾಗುವುದು ಸಹಜ.

ವಾರಾಂತ್ಯದ ಪಾರ್ಟಿಗೆಂದೇ ಮಾಡಿದ ವಾಟ್ಸ್ಆಪ್ ಗುಂಪಿದ್ದರೆ ಮ್ಯೂಟ್ ಮಾಡಿ, ಆರ್ಕೈವ್‌ಗೆ ಹಾಕಿ. ಬಿಟ್ಟುಹೋದರೆ ಯಾಕೆ ಹೋದೆ ಎಂಬ ಚರ್ಚೆ ಶುರುವಾಗುತ್ತದೆ, ಮೊದಲ ತಿಂಗಳು ಆ ಗಲಾಟೆ ಬೇಡ.

"ಯಾಕಲೇ ಕುಡಿಯಲ್ಲ?" ಅಂದ್ರೆ ಏನು ಹೇಳ್ಲಿ?

ಚಿಕ್ಕದಾಗಿ ಹೇಳಿ. "ಬ್ಯಾಡಲೇ, ಬಿಟ್ಟೀನಿ" ಸಾಕು. ಕಾರಣ ಹೇಳಿದಷ್ಟೂ ಎದುರಿನವರಿಗೆ ವಾದಿಸಲು ಹಿಡಿ ಸಿಗುತ್ತದೆ. ಲಿವರ್ ಸರಿಯಿಲ್ಲ ಎಂದರೆ "ನಮ್ಮ ಮಾವ 70 ವರ್ಷ ಕುಡಿದ್ರು, ಏನಾಯ್ತು?" ಎನ್ನುತ್ತಾರೆ. ಹೆಂಡತಿ ಬೈತಾಳೆ ಎಂದರೆ ನಿಮ್ಮ ಗಂಡಸುತನದ ಮಾತು ಬರುತ್ತದೆ. ದುಡ್ಡಿಲ್ಲ ಎಂದರೆ ಅವರೇ ಕೊಡಿಸುತ್ತಾರೆ.

ಒತ್ತಾಯ ಸಾಮಾನ್ಯವಾಗಿ ಎರಡು ಮೂರು ಸುತ್ತು ಬರುತ್ತದೆ. ಮೂರು ಸಲವೂ ಅದೇ ಮಾತು, ಅದೇ ದನಿ ಇರಲಿ. ಎರಡನೇ ಸಲ ದನಿ ಮೆತ್ತಗಾಯಿತೋ, ನಗುತ್ತ "ನೋಡಾಣ" ಎಂದಿರೋ, ಅದನ್ನು ಅವರು ಒಪ್ಪಿಗೆ ಎಂದೇ ಓದುತ್ತಾರೆ. "ಇವತ್ತು ಬ್ಯಾಡ" ಎಂಬ ಮಾತೂ ಅಪಾಯದ್ದು, ನಾಳೆಗೆ ಬಾಗಿಲು ತೆರೆದಿಟ್ಟಂತೆ. ಹೇಳಿದ ಕೂಡಲೇ ಮಾತು ಬೇರೆ ಕಡೆ ತಿರುಗಿಸಿ: ಅಡಿಕೆ ರೇಟು, ಮಗಳ ಪರೀಕ್ಷೆ, ಮ್ಯಾಚಿನ ಸ್ಕೋರು, ಯಾವುದಾದರೂ ಸರಿ. ಮನೆಯಲ್ಲಿ ಕನ್ನಡಿ ಮುಂದೆ ಈ ಒಂದು ವಾಕ್ಯವನ್ನು ಹತ್ತು ಸಲ ಜೋರಾಗಿ ಹೇಳಿ ನೋಡಿ. ಬಾಯಿಗೆ ರೂಢಿಯಾದ ಮಾತು ಗದ್ದಲದಲ್ಲೂ ಸಲೀಸಾಗಿ ಬರುತ್ತದೆ.

ವಯಸ್ಸಿನಲ್ಲಿ ದೊಡ್ಡವರು, ಸೋದರಮಾವನೋ ಷಡ್ಡಕನೋ, ಲೋಟ ಮುಂದೆ ಹಿಡಿದರೆ ಎದುರು ಮಾತು ಕಷ್ಟ. ಅವರಿಗೆ ಕೂಟಕ್ಕೆ ಮೊದಲೇ ಫೋನ್ ಮಾಡಿ: "ಮಾವ, ನಾನು ಬಿಟ್ಟೀನಿ. ಎಲ್ಲರ ಮುಂದೆ ನೀವು ಕೊಟ್ರೆ ನನಗೆ ಬ್ಯಾಡ ಅನ್ನಕ್ಕೆ ಸಂಕೋಚ ಆಗ್ತತಿ. ನೀವೇ ನನ್ನ ಪರವಾಗಿ ಇರ್ರಿ." ಮರ್ಯಾದೆ ಕೊಟ್ಟು ಕೇಳಿದಾಗ ಹಿರಿಯರು ಕೈಬಿಡುವುದು ಅಪರೂಪ. ಎಷ್ಟೋ ಸಲ ಅವರೇ ಉಳಿದವರ ಬಾಯಿ ಮುಚ್ಚಿಸುತ್ತಾರೆ.

ಮಾಲೆ ಹಾಕೀನಿ, ಹರಕೆ ಐತಿ, ಮಾತ್ರೆ ತಗಳ್ತಿದೀನಿ ಅಂತ ಹೇಳಬಹುದಾ?

ಮೊದಲ ಒಂದೆರಡು ಸಲಕ್ಕೆ ನಡೆಯುತ್ತದೆ. ಆದರೆ ಈ ಕಾರಣಗಳಿಗೆಲ್ಲ ಕೊನೆಯ ತಾರೀಖು ಇದೆ. ಅಯ್ಯಪ್ಪ ಮಾಲೆಯನ್ನೇ ನೋಡಿ. 41 ದಿನ ಒಂದು ಹನಿ ಮುಟ್ಟದೆ, ತಣ್ಣೀರು ಸ್ನಾನ ಮಾಡಿ, ನೆಲದ ಮೇಲೆ ಮಲಗಿದವರು ಶಬರಿಮಲೆಯಿಂದ ವಾಪಸ್ ಬಂದು ಮಾಲೆ ತೆಗೆದ ದಿನವೇ ಬಾರಿನಲ್ಲಿ ಕೂತದ್ದುಂಟು. ಆ 41 ದಿನ ಅವರ ಕೈಲಾದದ್ದು ಸುಳ್ಳಲ್ಲ. ಸುತ್ತಲಿನವರೆಲ್ಲ "ಸ್ವಾಮಿ" ಎಂದು ಕರೆದು ಕಾಯ್ದರು, ಯಾರೂ ಲೋಟ ಚಾಚಲಿಲ್ಲ, ದಿನಚರಿಗೊಂದು ಕಟ್ಟು ಇತ್ತು. ಮಾಲೆ ಇಳಿದಾಗ ಅವೆಲ್ಲ ಒಟ್ಟಿಗೆ ಇಳಿದವು. ಮಾಲೆ ಹಾಕಿದ್ದರೆ 42ನೇ ದಿನಕ್ಕೆ ಏನೆಂದು 30ನೇ ದಿನವೇ ಯೋಚಿಸಿ: ಬೆಳಗಿನ ಸ್ನಾನ, ಸಂಜೆಯ ಭಜನೆ ಮುಂದುವರಿಸಿ, ಮಾಲೆ ತೆಗೆಯುವ ದಿನ ಮನೆಯವರ ಜೊತೆಯೇ ಇರಿ.

ಹೋಗಲೇಬೇಕಾದ ಪಾರ್ಟಿ. ಏನೇನು ಸಿದ್ಧತೆ ಮಾಡ್ಕೋಬೇಕು?

ಊಟ ಮಾಡಿಕೊಂಡು ಹೋಗಿ. ಹೊಟ್ಟೆ ಹಸಿದಾಗ ಕುಡಿಯುವ ಆಸೆ ಜೋರಾಗುತ್ತದೆ. ಹಸಿವನ್ನೂ ಕುಡಿತದ ಬಯಕೆಯನ್ನೂ ದೇಹ ಬೇರೆ ಮಾಡಿ ತೋರಿಸುವುದಿಲ್ಲ. ಮುದ್ದೆ ಸಾರೋ, ಎರಡು ರೊಟ್ಟಿ ಪಲ್ಯ ಮೊಸರೋ, ಹೊಟ್ಟೆ ಭಾರವಾಗುವ ಊಟವಿರಲಿ. ನಂಚಿಕೊಳ್ಳಲು ಇಟ್ಟ ಮಿರ್ಚಿ, ಖಾರ ಮಂಡಕ್ಕಿ, ಹುರಿದ ಕಡ್ಲೆಕಾಯಿಯ ಬಗ್ಗೆ ಎಚ್ಚರ. ವರ್ಷಗಟ್ಟಲೆ ಅವನ್ನು ಪೆಗ್ಗಿನ ಜೊತೆಗೇ ತಿಂದ ನಾಲಿಗೆಗೆ ಆ ಖಾರ ಬಿದ್ದ ಕೂಡಲೇ ಪಕ್ಕದ ಲೋಟದ ನೆನಪಾಗುತ್ತದೆ. ಮಂಡಕ್ಕಿ ಮಿರ್ಚಿ ತಿನ್ನುವ ಆಸೆಯಿದ್ದರೆ ಮನೆಯವರ ಜೊತೆ, ಚಹಾದೊಂದಿಗೆ ತಿನ್ನಿ. ಕೆಲವು ತಿಂಗಳಲ್ಲಿ ಆ ಗಂಟು ಸಡಿಲವಾಗುತ್ತದೆ.

ಕೂತ ಮೊದಲ 2 ನಿಮಿಷದೊಳಗೆ ನಿಮ್ಮ ಕೈಯಲ್ಲಿ ನಿಮ್ಮದೇ ಲೋಟ ಇರಬೇಕು. ಖಾಲಿ ಕೈ ಕಂಡರೆ ಕೊಡುವ ಮನಸ್ಸಾಗುತ್ತದೆ. ನಿಂಬೆ ಸೋಡಾಕ್ಕೆ ಉಪ್ಪು ಹಾಕಿಸಿ, ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣದಲ್ಲಿ ರಮ್ಮು ವಿಸ್ಕಿಗೆ ಬೆರೆಯುವ ಕೋಲಾ ಬೇಡ. ಎಲ್ಲ ಲೋಟ ಒಂದೇ ತರಹ ಕಂಡಾಗ ಅದಲುಬದಲಾಗುತ್ತದೆ, ತಮಾಷೆಗೆ ಬೆರೆಸುವವರಿಗೂ ಅನುಕೂಲ. ಬಾಟಲಿಯ ಮುಚ್ಚಳ ನಿಮ್ಮ ಕೈಯಿಂದಲೇ ತೆಗೆಯಿರಿ. ಎದ್ದು ಹೋಗಿ ಬಂದಿರಾದರೆ ಆ ಲೋಟ ಚೆಲ್ಲಿ ಹೊಸದು ತರಿಸಿ, 20 ರೂಪಾಯಿ ಹೋದರೆ ಹೋಗಲಿ.

ಸುರಿಯುವ ಕೆಲಸ ವಹಿಸಿಕೊಳ್ಳಬೇಡಿ. "ನೀನು ಕುಡಿಯಲ್ವಲ್ಲ, ಸರಿಯಾಗಿ ಹಂಚ್ತೀಯ" ಎನ್ನುತ್ತಾರೆ. ವಾಸನೆ, ಸೀಲು ಮುರಿಯುವ ಸದ್ದು, ಐಸಿನ ತಣ್ಣನೆ ಸ್ಪರ್ಶ, ಮೂರೂ ಸೇರಿದರೆ ಹಳೇ ನೆನಪು ಕೆರಳುತ್ತದೆ. ವೈನ್ ಶಾಪಿಗೆ ಹೋಗಿ ತಂದುಕೊಡುವ ಕೆಲಸವೂ ಬೇಡ.

ವಾಪಸ್ ಬರುವ ವಾಹನ ನಿಮ್ಮ ಕೈಯಲ್ಲಿರಲಿ. ಇದು ಮಿಕ್ಕೆಲ್ಲಕ್ಕಿಂತ ದೊಡ್ಡ ವಿಷಯ. ಹೆದ್ದಾರಿ 48ರ ಡಾಬಾಕ್ಕೋ, ಚನ್ನಗಿರಿ ಕಡೆಯ ತೋಟದ ಮನೆಗೋ, ಶಾಂತಿಸಾಗರದ ದಂಡೆಗೋ, ಹಿರಿಯೂರಿನಾಚೆ ವಾಣಿವಿಲಾಸ ಸಾಗರಕ್ಕೋ ಇನ್ನೊಬ್ಬರ ಕಾರಿನಲ್ಲಿ ಹೋದರೆ ಅವರು ಎದ್ದಾಗಲೇ ನೀವು ಏಳಬೇಕು. ರಾತ್ರಿ 11ಕ್ಕೆ ಅಲ್ಲಿ ಆಟೋ ಸಿಗದು. ನಿಮ್ಮ ಬೈಕಿನಲ್ಲಿ ಹೋಗಿ, ಹೊರಗೆ ಮುಖ ಮಾಡಿ ನಿಲ್ಲಿಸಿ, ಕೀಲಿ ಜೇಬಲ್ಲೇ ಇರಲಿ.

ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲ ಒಂದು ಗಂಟೆ ಮಾತುಕತೆ ಚೆನ್ನಾಗಿರುತ್ತದೆ. ಎರಡನೇ ಸುತ್ತು ಮುಗಿದ ಮೇಲೆ ಒಂದೇ ಮಾತು ನಾಲ್ಕು ಸಲ ಬರುತ್ತದೆ, ಒತ್ತಾಯವೂ ಆಗಲೇ ಏರುತ್ತದೆ. ಬೇಗ ಹೋಗಿ, ಊಟ ಬಡಿಸುವ ಹೊತ್ತಿಗೆ ಹೊರಡಿ. 8:30ಕ್ಕೆ ಮನೆಯಿಂದ ಫೋನ್ ಮಾಡಲು ಹೇಳಿರಿ. ಆ ಫೋನು ಬಂದಾಗ ಎದ್ದು ಹೊರಗೆ ಬಂದು ಮಾತಾಡಿ, ಮನಸ್ಸು ಹೊಯ್ದಾಡುತ್ತಿದ್ದರೆ ಒಳಗೆ ಹೋಗದೆ ಹಾಗೇ ಹೊರಟುಬಿಡಿ. ಹೇಳದೆ ಹೋದನೆಂದು ಬೇಸರಪಟ್ಟುಕೊಂಡರೆ ಬೆಳಿಗ್ಗೆ ಮಾತಾಡಿದರಾಯಿತು.

ಬಿಲ್ಲು ಸಮನಾಗಿ ಹಂಚ್ತಾರೆ. ಕುಡಿಯದೆ ಯಾಕೆ ಕೊಡ್ಲಿ?

ಕೊಡಬೇಡಿ. "ಕೊಟ್ಟಾಯ್ತಲ್ಲ, ಒಂದು ಹಾಕಿದ್ರೆ ಏನು" ಎಂಬ ಲೆಕ್ಕ ತಲೆಯಲ್ಲಿ ಶುರುವಾಗುವುದು ಅಲ್ಲಿಂದಲೇ. ಊಟದ್ದು ಬೇರೆ, ಎಣ್ಣೆಯದ್ದು ಬೇರೆ ಬಿಲ್ಲು ಮಾಡಿಸಿ ಎಂದು ಕೂರುವ ಮೊದಲೇ ಹೇಳಿ, ನಿಮ್ಮ ಪಾಲು ಫೋನ್‌ಪೇ ಮಾಡಿ.

ದುಡ್ಡಿನದೇ ಇನ್ನೊಂದು ಮಾತು. ಮೆಕ್ಕೆಜೋಳ, ಅಡಿಕೆ, ಶೇಂಗಾ ಮಾರಿ ನಗದು ಕೈಗೆ ಬಂದ ದಿನ ಮತ್ತು ಶನಿವಾರದ ಬಟವಾಡೆಯ ಸಂಜೆ ಹೆಚ್ಚು ಜನ ಜಾರುತ್ತಾರೆ. ಮಂಡಿಯವರಿಗೆ ಹೇಳಿ ಹಣ ಖಾತೆಗೇ ಹಾಕಿಸಿ, ಆ ದಿನ ಮಗನನ್ನೋ ಹೆಂಡತಿಯನ್ನೋ ಜೊತೆಗೆ ಕರೆದೊಯ್ಯಿರಿ.

ಕೂತಲ್ಲೇ ಆಸೆ ಒತ್ತಿ ಬಂದ್ರೆ ಆ ಕ್ಷಣ ಏನು ಮಾಡ್ಬೇಕು?

ಆಸೆ ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಕುಡಿಯದೆ ಬಿಟ್ಟರೆ ಬಹುತೇಕ 15ರಿಂದ 30 ನಿಮಿಷದಲ್ಲಿ ತಗ್ಗುತ್ತದೆ. ನಿಮಿಷಕ್ಕೆ ನಿಮಿಷ ಏರುತ್ತಲೇ ಹೋಗುತ್ತದೆಂಬ ಭಯಕ್ಕೇ ಜನ ಸೋಲುವುದು. ಗಡಿಯಾರ ನೋಡಿ. ಎದ್ದು ಆ ಜಾಗದಿಂದ ಹೊರಗೆ ಬನ್ನಿ. ತಣ್ಣೀರಿನಲ್ಲಿ ಮುಖ ತೊಳೆಯಿರಿ, ಒಂದು ದೊಡ್ಡ ಲೋಟ ನೀರು ಕುಡಿಯಿರಿ, ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ಳಿ. ನಿಮ್ಮ ಸಂಗತಿ ಬಲ್ಲ ಒಬ್ಬರಿಗೆ ಫೋನ್ ಮಾಡಿ "ಆಸೆ ಆಗ್ತೈತಿ" ಎಂದು ಬಾಯಿಬಿಟ್ಟು ಹೇಳಿ. ಹೇಳಿದ ಕೂಡಲೇ ಅದರ ಅರ್ಧ ಬಲ ಹೋಗುತ್ತದೆ. ಆ ನಂಬರು ಫೋನಿನ ಮೊದಲ ಪುಟದಲ್ಲೇ ಇರಲಿ.

ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಲ್ಕರಲ್ಲಿ ಎರಡು ಇದ್ದ ದಿನ ಕೂಟಕ್ಕೆ ಹೋಗಲೇಬೇಡಿ. ಸಿಗರೇಟಿಗೆಂದು ಹೊರಗೆ ಹೋಗುವುದೂ ಬೇಡ, ಕುಡಿತದ ಜೊತೆ ಸೇದುತ್ತಿದ್ದವರಿಗೆ ಒಂದು ಇನ್ನೊಂದನ್ನು ಎಳೆದು ತರುತ್ತದೆ.

ಝೀರೋ ಬಿಯರ್ ಕುಡೀಬಹುದಾ?

ಬೇಡ. ಆಲ್ಕೊಹಾಲ್ ಇಲ್ಲದ್ದೆಂದು ಮಾರುವ ಕೆಲವು ಬಿಯರುಗಳಲ್ಲಿ ಶೇ 0.5ರವರೆಗೆ ಇರುತ್ತದೆ. ಪೂರ್ತಿ ಸೊನ್ನೆ ಇದ್ದರೂ ರುಚಿ, ನೊರೆ, ಕ್ಯಾನು ಎಲ್ಲ ಹಳೆಯದನ್ನೇ ನೆನಪಿಸುತ್ತವೆ.

ಜಾತ್ರೆ, ಮದುವೆ, ಯುಗಾದಿ ಮಾರನೇ ದಿನ ಹೇಗೆ ತಪ್ಪಿಸೋದು?

ದುಗ್ಗಮ್ಮನ ಜಾತ್ರೆ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ. ಮನೆಮನೆಗೆ ಬೀಗರು, ಬಾಡೂಟ, ದಿನಗಟ್ಟಲೆ ಸಡಗರ. ತಪ್ಪಿಸಿಕೊಂಡು ಊರು ಬಿಡುವುದು ಎಲ್ಲರಿಗೂ ಆಗದು. ಇಂಥ ದಿನಗಳಲ್ಲಿ ಒಂದು ಜವಾಬ್ದಾರಿ ಹೊತ್ತುಕೊಳ್ಳಿ: ಬಡಿಸುವುದು, ಬೀಗರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಮಕ್ಕಳನ್ನು ತೊಟ್ಟಿಲು ಆಡಿಸಲು ಕರೆದೊಯ್ಯುವುದು. ಓಡಾಡುತ್ತಿರುವವನನ್ನು ಕೂರಿಸಿ ಸುರಿಯುವುದು ಕಷ್ಟ. ಮಾಳಿಗೆ ಮೇಲೆ, ಹಿತ್ತಲಲ್ಲಿ ಗುಂಪು ಸೇರುವ ಹೊತ್ತಿಗೆ ಹೆಂಗಸರು ಮಕ್ಕಳ ಪಂಕ್ತಿಯಲ್ಲೇ ಊಟಕ್ಕೆ ಕೂತುಬಿಡಿ. ನಾಯಕನಹಟ್ಟಿ ತೇರಿಗೆ ಗೆಳೆಯರ ಟ್ರ್ಯಾಕ್ಟರಿನ ಬದಲು ಮನೆಯವರ ಜೊತೆ ಬಸ್ಸಿನಲ್ಲಿ ಹೋಗಿ.

ಕುಡಿಯದವನು ನಾನೊಬ್ಬನೇ ಅಂತ ಗಾಡಿ ಓಡ್ಸೋ ಕೆಲಸ ನನಗೇ. ಒಪ್ಕೋಬೇಕಾ?

ಬಿಟ್ಟು ಆರು ತಿಂಗಳಾಗಿದ್ದರೆ ಒಪ್ಪಿಕೊಳ್ಳಿ, ಅದಕ್ಕೂ ಮೊದಲು ಬೇಡ, ಏಕೆಂದರೆ ಚಾಲಕ ಕೊನೆಯವರೆಗೂ ಕೂರಬೇಕು. ಆದರೆ ಕುಡಿದವರ ಕೈಗೆ ಕೀಲಿ ಕೊಡುವ ಪ್ರಸಂಗ ಬಂದರೆ ಎಲ್ಲ ಲೆಕ್ಕ ಬದಿಗಿಟ್ಟು ನೀವೇ ಓಡಿಸಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ.

"ಎರಡು ಗಂಟೆ ಆಯ್ತಲ್ಲ, ಇಳಿದಿರ್ತತಿ" ಎಂಬ ಮಾತು ಸುಳ್ಳು ಲೆಕ್ಕ. 180 ಮಿ.ಲೀ. ಕ್ವಾರ್ಟರಿನಲ್ಲಿ ಶೇ 42.8ರಂತೆ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ. ಅಂದರೆ ಪೂರ್ತಿ ಹೋಗಲು 6ರಿಂದ 8 ಗಂಟೆಗೂ ಹೆಚ್ಚು ಬೇಕು. ಮಜ್ಜಿಗೆ, ನಿಂಬೆಹಣ್ಣು, ಸ್ನಾನ, ಕಾಫಿ ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

ಡೈಸಲ್ಫಿರಾಮ್ ಮಾತ್ರೆ ತಗೊಂಡು ಪಾರ್ಟಿಗೆ ಹೋದ್ರೆ ಸುರಕ್ಷಿತವಾ?

ಕುಡಿತ ಬಿಟ್ಟವರಿಗೆ ವೈದ್ಯರು ಕೊಡುವ ಈ ಮಾತ್ರೆ ಬೇಲಿಯಂತೆ ಕೆಲಸ ಮಾಡುತ್ತದೆ, ಆದರೆ ಬೇಲಿಯ ಮುಳ್ಳು ತಿಳಿದಿರಬೇಕು. ಆಲ್ಕೊಹಾಲ್ ಒಡೆದಾಗ ಬರುವ ಅಸಿಟಾಲ್ಡಿಹೈಡ್ ಎಂಬ ವಿಷ ಮುಂದೆ ಕರಗದಂತೆ ಈ ಔಷಧಿ ತಡೆಯುತ್ತದೆ. ಕುಡಿದ ಹತ್ತು ಹದಿನೈದು ನಿಮಿಷದಲ್ಲೇ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಬಿಪಿ ಕುಸಿಯಬಹುದು. ಹೃದಯದ ತೊಂದರೆ ಇದ್ದವರಿಗೆ ಪ್ರಾಣಾಪಾಯ. ಮಾತ್ರೆ ನಿಲ್ಲಿಸಿದ ಮೇಲೂ 2 ವಾರದವರೆಗೆ ಈ ಅಪಾಯ ಉಳಿಯುತ್ತದೆ. ಕೂಟದಲ್ಲಿ ಒಬ್ಬ ನಂಬಿಕಸ್ಥರಿಗಾದರೂ ಇದನ್ನು ತಿಳಿಸಿರಿ, ತಮಾಷೆಗೆ ಬೆರೆಸಿದರೆ ಸಾವೇ ಆಗಬಹುದು ಎಂದು ಬಿಡಿಸಿ ಹೇಳಿ. ಕೆಲವು ಕೆಮ್ಮಿನ ಸಿರಪ್, ದ್ರಾಕ್ಷಾಸವ, ದಶಮೂಲಾರಿಷ್ಟದಂಥ ಆಸವ ಅರಿಷ್ಟಗಳಲ್ಲೂ ಆಲ್ಕೊಹಾಲ್ ಇರುತ್ತದೆ. ಅವು ಬೇಡ.

ಮನೆಯವರಿಗೆ ಕೈಮುಗಿದು ಹೇಳುವ ಮಾತು: ಕುಡಿಯುವವರಿಗೆ ಗೊತ್ತಿಲ್ಲದಂತೆ ಸಾರಿನಲ್ಲೋ ಚಹಾದಲ್ಲೋ ಈ ಮಾತ್ರೆ ಬೆರೆಸಬೇಡಿ. ಮಾತ್ರೆ ಬೆರೆತದ್ದು ತಿಳಿಯದೆ ಅವರು ಕುಡಿದು ಕುಸಿದುಬಿದ್ದರೆ ಆಸ್ಪತ್ರೆಯವರಿಗೂ ಕಾರಣ ಹೊಳೆಯುವುದು ತಡವಾಗುತ್ತದೆ. ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಮಾತ್ರೆಗಳೂ ಇವೆ. ಯಾವುದು ಹೊಂದುತ್ತದೆ ಎಂಬುದನ್ನು ಲಿವರ್, ಕಿಡ್ನಿ ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ನಾಲ್ಕು ತಿಂಗಳಾಗಿತ್ತು. ನಿನ್ನೆ ಒಂದು ಪೆಗ್ ಹಾಕಿಬಿಟ್ಟೆ. ಎಲ್ಲ ಹೋಯ್ತಾ?

ಇಲ್ಲ. ಒಂದು ಪೆಗ್ಗಿಗಿಂತ "ಹೆಂಗಿದ್ರೂ ಕೆಟ್ಟೆ, ಪೂರ್ತಿ ಕುಡಿಯಾಣ" ಎಂಬ ಯೋಚನೆ ಹೆಚ್ಚು ಜನರನ್ನು ಮುಳುಗಿಸಿದೆ. ಲೋಟ ಅಲ್ಲೇ ಇಡಿ, ಎದ್ದು ಬನ್ನಿ, ಅದೇ ರಾತ್ರಿ ಮನೆಯಲ್ಲಿ ಒಬ್ಬರಿಗೆ ಹೇಳಿ. ಮುಚ್ಚಿಟ್ಟರೆ ಅದನ್ನು ಕಾಯಲು ಇನ್ನೊಂದು ಸುಳ್ಳು ಬೇಕಾಗುತ್ತದೆ, ಆ ಸುಳ್ಳಿನ ಭಾರಕ್ಕೆ ಮತ್ತೆ ಕುಡಿತ. ಮೂರು ದಿನದೊಳಗೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಯಾವ ಜಾಗ, ಯಾರ ಜೊತೆ, ಎಷ್ಟು ಹೊತ್ತಿಗೆ, ಅದಕ್ಕೂ ಮೊದಲು ಏನಾಗಿತ್ತು ಎಂದು ಕಾಗದದ ಮೇಲೆ ಬರೆಯಿರಿ. ಮುಂದಿನ ಸಲದ ಏರ್ಪಾಡು ಅದರಲ್ಲೇ ಸಿಗುತ್ತದೆ. ಬಿಟ್ಟ ಮೇಲೆ ದೇಹದ ತಾಳಿಕೆ ತಗ್ಗಿರುತ್ತದೆ, ಹಳೇ ಅಳತೆಯಲ್ಲಿ ಕುಡಿದರೆ ಪ್ರಜ್ಞೆ ತಪ್ಪುವ ಅಪಾಯವಿದೆ.

ಗೆಳೆಯ ಬಿಟ್ಟಿದಾನೆ. ನಾವು ಕುಡಿಯೋರು ಏನು ಮಾಡ್ಬೇಕು?

ಕೇಳಿದಿರಲ್ಲ, ಅದೇ ದೊಡ್ಡದು. ಅವರಿಗೆ ಒಂದು ಸಲವೂ ನೀಡಬೇಡಿ. ಬೇರೆಯವರು ನೀಡಿದಾಗ "ಅವನಿಗೆ ಬ್ಯಾಡ" ಎಂದು ನೀವೇ ಮೊದಲು ಹೇಳಿ. ತಿಂಗಳಲ್ಲಿ ಒಂದು ಭೇಟಿಯಾದರೂ ಬಾಟಲಿ ಇಲ್ಲದೆ ನಡೆಯಲಿ. ಬೇಗ ಹೊರಟರೆ ತಡೆಯಬೇಡಿ. ಎಷ್ಟು ದಿನ ಆಯ್ತು ಎಂದು ಪ್ರತಿ ಸಲ ಕೇಳಿ ಎಲ್ಲರ ಕಣ್ಣು ಅವರ ಮೇಲೆ ಬೀಳುವಂತೆಯೂ ಮಾಡಬೇಡಿ.

ಸಂಜೆ 6ರಿಂದ 9 ಕಳೆಯೋದೇ ಕಷ್ಟ. ಎಲ್ಲಿಗೆ ಹೋಗ್ಲಿ?

ಆ ಮೂರು ಗಂಟೆಗೆ ಜಾಗ, ಜೊತೆ, ಕೆಲಸ ಮೂರೂ ಬೇಕು. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಏರಿ ಮೇಲೆ ನಡೆದು, ಹತ್ತಿರದ ಗಾಜಿನ ಮನೆಯ ಕಡೆ ಸುತ್ತಿ ಬಂದರೆ ಒಂದು ಗಂಟೆ ಕಳೆಯುತ್ತದೆ. ಚಿತ್ರದುರ್ಗದವರು ನಸುಕಿನಲ್ಲಿ ಚಂದ್ರವಳ್ಳಿ ಕಡೆ ನಡೆದರೆ ಸಂಜೆ ದೇಹ ತಾನಾಗಿ ನಿದ್ದೆ ಕೇಳುತ್ತದೆ. ಬಾರಿರುವ ರಸ್ತೆ ಬಿಟ್ಟು ಮನೆಗೆ ಬರುವ ಬೇರೆ ದಾರಿ ಹುಡುಕಿ, ಒಂದು ಕಿಲೋಮೀಟರು ಹೆಚ್ಚಾದರೂ ಚಿಂತೆಯಿಲ್ಲ. ರಾತ್ರಿ ಊಟ 7:30ಕ್ಕೇ ಮುಗಿಸಿ.

ಸಹಾಯ ಎಲ್ಲಿ ಸಿಗುತ್ತೆ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ಉಚಿತ. ನಶಾಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಕೇಳಿಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹೊರರೋಗಿ ಸೇವೆ ಯಾವ ದಿನ ಎಂದು ಕೌಂಟರಿನಲ್ಲಿ ವಿಚಾರಿಸಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಹೆಸರು ವಿಳಾಸ ಬರೆದುಕೊಳ್ಳುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲೂ ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರಿಗೆಂದು ಇರುವ ಅವರ ನವಜೀವನ ಸಮಿತಿಗೆ ತಪ್ಪದೆ ಹೋಗಿ. ಬೆಳಗಿನ ನಡುಕ, ಹಿಂದೆ ಫಿಟ್ಸ್ ಬಂದದ್ದು ಇದ್ದವರು ಶಿಬಿರಕ್ಕೆ ಸೇರುವ ಮೊದಲು ವೈದ್ಯರಿಗೆ ತೋರಿಸಿ.

ಆಸ್ಪತ್ರೆಗೆ ಹೋಗುವಾಗ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುವು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪ್ರಮಾಣ ಕಡಿಮೆ ಮಾಡಿ ಹೇಳಬೇಡಿ, ಮಾತ್ರೆಯ ಲೆಕ್ಕ ಅದರ ಮೇಲೆಯೇ ನಿಂತಿರುತ್ತದೆ.